ಮೂರನೆಯ ವೀಳ್ಯ

“ಹಲೋ… ಹಾಂ, ಹಲೋ! ಯಾರ್ರೀ ಮಾತಾಡೋರು? … ಯಾರು? … ಜೋರಾಗಿ ಮಾತಾಡ್ರೆಪಾ, ಇಲ್ಲಿ ನನ್ನ ಮಾತು ನನಗ ಕೇಳವಲ್ದು!”

ಕೇಳದೇ ಇರುವುದಕ್ಕೆ ಕಾರಣವಿತ್ತು. ರೋಣದ ಬಸ್ ಸ್ಟ್ಯಾಂಡಿನೆದುರು ರಸ್ತೆಯ ಎಡಕ್ಕೆ ಒಂದು ಪಕ್ಷದವರು, ಬಲಕ್ಕೆ ಇನ್ನೊಂದು ಪಕ್ಷದವರು, ಗುಲಾಲಿನ ಚೀಲಗಳ ಬಾಯಿ ಬಿಚ್ಚಿ ಇಟ್ಟುಕೊಂಡು, ಹಾರಿಸಲೂ ಆಗದೆ ಸುಮ್ಮನಿರಲೂ ಆಗದೆ ಕೂಗುತ್ತ ನಿಂತಿದ್ದರು. ಗದಗಿನಲ್ಲಿ ವಿಧಾನಸಭೆಯ ಎಣಿಕೆ ನಡೆದಿತ್ತು. ರೋಣ ಕ್ಷೇತ್ರದ ಕಡೆಯ ಸುತ್ತುಗಳು ಇನ್ನೂ ಬಾಕಿ. ಈ ಎರಡು ಗುಂಪಿನ ನಟ್ಟನಡುವೆ, ಯಾವ ಕಡೆಗೂ ಒಂದು ಗೇಣು ವಾಲದಂತೆ ನಿಲ್ಲಿಸಿದ ಟೆಂಪೋದಲ್ಲಿ, ಗಜೇಂದ್ರಗಡದ ನಬೀಸಾಬ ಬ್ಯಾಂಡ್ ಕಂಪನಿ ಕೆಂಪು ಕೋಟು ತೊಟ್ಟು ಬೆವರುತ್ತ ಕೂತಿತ್ತು. ನಬೀಸಾಬ ತೀರಿಹೋಗಿ ಬಹಳ ವರ್ಷವಾಯಿತು. ಈಗ ಕಂಪನಿಗೆ ಯಜಮಾನ ಅವನ ಮಗ ಕಾಶೀಂಸಾಬ, ಕ್ಲಾರಿನೆಟ್ ಊದುವವನೂ ಅವನೇ. ಎಡಗಡೆಯವರು ಚಹಾ ಕಳಿಸಿದ್ದರು, ಕುಡಿದರು. ಕೂಡಲೇ ಬಲಗಡೆಯವರೂ ಕಳಿಸಿದರು. ಅದನ್ನೂ ಕುಡಿದರು. ಕುಡಿಯದಿದ್ದರೆ ಬ್ಯಾಂಡಿನವರು ಪಕ್ಷ ಕಟ್ಟಿದರು ಅಂತ ಗುಲ್ಲಾಗುತ್ತದೆ.

“ಯಾವ ಮುತ್ತಣ್ಣ? … ನರಗುಂದದ ಮುತ್ತಣ್ಣ! ಹಾಂ, ಹಾಂ. ಗುರುಸಂಗಪ್ಪ ಸಾವ್ಕಾರ್ರ ಮಗ್ಗಲ ಮನಿಯಾಂವ. ಅವರ ಮಗಳು ರಾಜೇಶ್ವರಿ ಅಕ್ಕಾರು ಈ ಸಲ ನರಗುಂದದ ಸೀಟಿಗೆ ನಿಂತಾಗ ಏಜೆಂಟ ಆದಾಂವ, ಅಲ್ಲೇನು? … ಗೊತ್ತಾತು ತಮ್ಮಾ, ಗೊತ್ತಾತು.”

ಗೊತ್ತಾದ ಕೂಡಲೇ ಕಾಶೀಂಸಾಬ ತನ್ನ ದನಿಯನ್ನು ಸತ್ತವರ ಮಣ್ಣಿಗೆ ಹೋಗಿಬಂದವರ ದನಿಯಷ್ಟು ಕೆಳಗಿಳಿಸಿದ. ಎಣಿಕೆಯ ದಿನ ಸೋತವರ ಕಡೆಯಿಂದ ಫೋನು ಬಂದರೆ ಹೀಗೇ ಮಾತಾಡಬೇಕೆಂದು ತಂದೆ ಕಲಿಸಿದ್ದ.

“ಮುತ್ತಣ್ಣಾ, ಮನಸಿಗೆ ಹಚ್ಚಿಕೋಬ್ಯಾಡ. … ಇಲ್ಲ, ನೀ ಮೊದಲ ನನ್ನ ಮಾತು ಕೇಳು. ಪಕ್ಷ ಇಲ್ಲ, ಝಂಡಾ ಇಲ್ಲ, ಹೊಲಿಗಿ ಮಷೀನು ಚಿನ್ಹಿ ಹಿಡಕೊಂಡು ಅಕ್ಕಾರು ಅಷ್ಟೂ ಹಳ್ಳಿ ತಿರಗಿದ್ರಲ್ಲ, ಅದೇನು ಸಣ್ಣ ಮಾತಾ? … ಹಾಂ? … ಅಳಬ್ಯಾಡೋ. … ನಗಾಕತ್ತೀಯೇನು? ಆಗ್ಲಿ, ನಗು. ದುಃಖ ಭಾಳ ಆದ್ರ ಹಂಗ ಆಕ್ಕತಿ. ನಮ್ಮ ಸ್ವಾದರಮಾವನೂ ಹಂಗ ನಗತಿದ್ದ.”

…

“ವೀಳ್ಯದ ಚಿಂತಿ ಮಾಡಬ್ಯಾಡ. ತೆಂಗಿನಕಾಯಿ ನಾನ ಸ್ವತಃ ತಂದು ಮುಟ್ಟಸ್ತೀನಿ. ಸಾವ್ಕಾರ್ರಿಗೆ ಹೇಳು, ಕಾಶೀಂಸಾಬ ಕೈಯಾಗ ಹಿಡಕೊಂಡು ಬರ್ತಾನ ಅಂತ.”

ವೀಳ್ಯವೆಂದರೆ ತಟ್ಟೆಯಲ್ಲಿಟ್ಟು ಕೊಡುವ ಎಲೆ, ಅಡಿಕೆ, ಒಂದು ತೆಂಗಿನಕಾಯಿ. ಹಿಡಿದರೆ ಬ್ಯಾಂಡಿನವರು ಮಾತು ಕೊಟ್ಟಂತೆ. ಚುನಾವಣೆ ಬಂತೆಂದರೆ ನಬೀಸಾಬ ಕಂಪನಿ ರೋಣದ ಎರಡೂ ಪಕ್ಷಗಳಿಂದ ವೀಳ್ಯ ಹಿಡಿಯುತ್ತದೆ. ಇದರಲ್ಲಿ ಕದ್ದುಮುಚ್ಚಿ ಮಾಡಿದ್ದೇನೂ ಇಲ್ಲ, ಇಬ್ಬರಿಗೂ ಗೊತ್ತಿರುವ ಮಾತೇ. ಗೆಲ್ಲುವವನು ಒಬ್ಬನೇ ತಾನೆ? ಗೆದ್ದವನ ಮುಂದೆ ಬ್ಯಾಂಡು ಹೋಗುತ್ತದೆ, ಸೋತವನ ಮನೆಗೆ ತೆಂಗಿನಕಾಯಿ ಮರಳಿ ಹೋಗುತ್ತದೆ. ಇಷ್ಟು ವರ್ಷ ಈ ಲೆಕ್ಕ ಎಲ್ಲೂ ತಪ್ಪಿರಲಿಲ್ಲ.

“ಏನು? … ಏನಂದಿ? … ಇನ್ನೊಮ್ಮೆ ಹೇಳು. … ಗೆದ್ರಾ? ಯಾರು ಗೆದ್ರು? … ಯಾವ ರಾಜೇಶ್ವರಿ? … ಅಲ್ಲಲೇ, ನಮ್ಮ ರಾಜೇಶ್ವರಿ ಅಕ್ಕಾರಾ? … ಹೊಲಿಗಿ ಮಷೀನಾ?”

ಕೊನೆಯ ಎರಡು ಪದಗಳನ್ನು ಅವನು ಎಷ್ಟು ಜೋರಾಗಿ ಕೂಗಿದನೆಂದರೆ ಟೆಂಪೋದಲ್ಲಿ ತೂಕಡಿಸುತ್ತಿದ್ದ ತುತ್ತೂರಿಯವನು ಎದ್ದು ಕೂತ. ಡೋಲಿನ ಮೇಲೆ ಕೈಯಿಟ್ಟುಕೊಂಡಿದ್ದ ಅಳಿಯ ಜಹೀರ, “ಏನಾತು ಮಾವಾ?” ಎಂದ. ಕಾಶೀಂಸಾಬ ಅವನಿಗೆ ಕೈಸನ್ನೆಯಲ್ಲೇ ಹೊಲಿಗೆ ಮಷೀನು ತುಳಿದು ತೋರಿಸಿದ. ಜಹೀರನಿಗೆ ಏನೂ ತಿಳಿಯಲಿಲ್ಲ.

“ಎಷ್ಟರಿಂದ? … ಏ, ಹೋಗಲೇ! … ಖರೇನ? … ಅಲ್ಲೋ, ಎರಡೂ ದೊಡ್ಡ ಪಕ್ಷದವರು ಓಣಿಗೊಂದು ಕಚೇರಿ ತಗದಿದ್ರಲ್ಲೋ, ಆ ಓಟೆಲ್ಲಾ ಎಲ್ಲಿ ಹೋದೂ? … ಹೆಣ್ಣಮಕ್ಕಳಾ? … ಗಂಡಗ ಹೂಂ ಅಂದು, ಒಳಗ ಹೋಗಿ ಹೊಲಿಗಿ ಮಷೀನು ಒತ್ತಿ ಬಂದ್ರಾ? … ಎಲ್ಲಾರೂ? … ನಿನ್ನ ಹೇಣ್ತಿನೂ ಬಾಯಿ ಬಿಟ್ಟಿರಲಿಲ್ಲಾ? ಏಜೆಂಟನ ಮುಂದೂ? … ಹೋ ಹೋ ಹೋ! ಮುತ್ತಣ್ಣಾ, ನೀ ಎಂಥಾ ಏಜೆಂಟೋ!”

ರಾಜೇಶ್ವರಿ ಹಳ್ಳಿಹಳ್ಳಿ ತಿರುಗಿ ರವಿಕೆ ಹೊಲಿಯಲು ಕಲಿಸಿದವಳು. ಅವಳ ಕೈಯಲ್ಲಿ ಕಲಿತವರು ಎಷ್ಟು ಮಂದಿ, ಅವರು ಇನ್ನೆಷ್ಟು ಮಂದಿಗೆ ಕಲಿಸಿದರು ಎಂದು ಯಾವ ಪಕ್ಷದ ಮುಖಂಡನಿಗೂ ಹೊಳೆದಿರಲಿಲ್ಲ. ಮುಖಂಡರ ಮನೆಯ ರವಿಕೆಗಳೂ ಅವರ ಕೈಯಲ್ಲೇ ಹೊಲಿಗೆ ಕಂಡಂಥವು.

“ಘೋಷಣೆ ಆತೇನು? ಹೇಳು ಮತ್ತ. ಬರೇ ಟೀವಿ ಸುದ್ದಿನೋ, ಘೋಷಣೆನೋ? … ಪ್ರಮಾಣಪತ್ರ ಕೈಗೆ ಬಂತಾ? … ನರಗುಂದಕ್ಕ ಬಂದೂ ಮುಟ್ಟಿದ್ರಾ? … ಯಾ ಅಲ್ಲಾ! ಭಾಳ ಚಲೋ ಆತು. ಭಾಳ ಅಂದ್ರ ಭಾಳ ಚಲೋ…”

ಸಂತೋಷದ ಭರದಲ್ಲಿ ಮರೆತಿದ್ದ ಒಂದು ಸಂಗತಿ ನೆನಪಾಗಿ, ಕಾಶೀಂಸಾಬನ ಕೆಂಪು ಕೋಟಿನೊಳಗೆ ಬೆವರು ಇನ್ನಷ್ಟು ಇಳಿಯಿತು.

“ಹಾಂ… ಹಾಂ. … ವೀಳ್ಯ. … ಹಿಡದೀನಿ, ಇಲ್ಲ ಅನ್ನೂದಿಲ್ಲ. … ಅಂದ್ರ ನಾ ಈಗ ನರಗುಂದದಾಗ ಇರಬೇಕು, ಹೌದಿಲ್ಲೋ?”

…

“ಅಲ್ಲೋ ತಮ್ಮಾ, ನಾನರ ಏನ ಮಾಡ್ಲಿ? ನೀವು ಗೆಲ್ತೀರಿ ಅಂತ ನನಗೇನು ಗೊತ್ತಿತ್ತು?”

ಈ ಮಾತು ಆಡಬಾರದಿತ್ತು. ಆಡಿದ ಮೇಲೆ ನುಂಗುವ ಹಾಗಿರಲಿಲ್ಲ. ವೀಳ್ಯ ಕೊಡಲು ಗುರುಸಂಗಪ್ಪ ತಾನೇ ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಬಂದಿದ್ದ. ಎಂಬತ್ತು ದಾಟಿದ ಮುದುಕ, ಬಿಸಿಲಲ್ಲಿ ಏರು ಹತ್ತಿ ಬಂದು, ಬಾಗಿಲಲ್ಲಿ ನಿಂತು, ತಟ್ಟೆ ಚಾಚಿ, “ನನ್ನ ಮಗಳು ನಿಂತಾಳ. ಸೋಲ್ತಾಳ. ಆದ್ರೂ ಆಕಿಗೊಂದು ಬ್ಯಾಂಡು ಅಂತ ಹೇಳಿಡೂದು ನನ್ನ ಧರ್ಮ” ಅಂದಿದ್ದ. ಕಾಶೀಂಸಾಬನಿಗೆ ರೋಣದ ಎರಡು ವೀಳ್ಯ ಆಗಲೇ ಬಂದಿದ್ದವು. ಆದರೂ ಪಕ್ಷೇತರ ಹೆಣ್ಣುಮಗಳು ನರಗುಂದದಲ್ಲಿ ಗೆಲ್ಲುವುದು ಇಲ್ಲದ ಮಾತು, ಮುದುಕನ ಮನಸ್ಸು ಯಾಕೆ ನೋಯಿಸಲಿ ಎಂದು ಎರಡೂ ಕೈಯಿಂದ ತಟ್ಟೆ ಹಿಡಿದ. ಅದು ಮೂರನೆಯ ವೀಳ್ಯ.

“ಸಿಟ್ಟಿಗೇಳಬ್ಯಾಡ, ನಾ ಹೇಳೂದು ಕೇಳು. ಈ ರೋಣದ ಸೀಟಿನ ಹಣೇಬಾರ ನಿನಗ ಗೊತ್ತಿಲ್ಲ. ನಮ್ಮಪ್ಪ ಮೊದಲನೇ ಸಲ ಬಾರಿಸಿದಾಗ ಗೆದ್ದಾಂವ ಬಾಡಿಗಿ ಸೈಕಲ್ ಮ್ಯಾಲ ಬಂದಿದ್ದನಂತ. ಹಾರ ಒಂದ, ಅದನ್ನ ಮಂದಿ ಪಾಳಿ ಹಚ್ಚಿ ಹಾಕಿದ್ರಂತ. ಆಮ್ಯಾಲೆ ಎತ್ತಿನ ಬಂಡಿ ಬಂತು, ಜೀಪು ಬಂತು. ಈಗ ಕ್ರೇನಿನಾಗ ಸೇಬಿನ ಹಾರ ಎತ್ತತಾರ, ನೋಡಾಕ ಹೋದವರ ತಲಿ ಮ್ಯಾಲ ಸೇಬು ಬೀಳತಾವ! … ಹೌದೋ, ಹೋದ ಸಲ ನಮ್ಮ ಜಹೀರನ ಡೋಲಿಗೇ ಬಿತ್ತು. … ಹಾಂ, ಮತ್ತ ಮಂದಿ ಎಂಥಾವ್ರಪಾ ಅಂದ್ರ, ರೊಟ್ಟಿ ತಿರುವಿ ಹಾಕಿದಂಗ ತಿರುವಿ ಹಾಕ್ತಾರ. ಒಮ್ಮೆ ಇವ್ರು, ಒಮ್ಮೆ ಅವ್ರು. ಹೋದ ಸಲ ಎಡಕ್ಕ ನಿಂತು ಧಿಕ್ಕಾರ ಅಂದಾಂವ ಈಗ ನನ್ನ ಕಣ್ಣ ಮುಂದ ಬಲಕ್ಕ ನಿಂತು ಜೈ ಅನ್ನಾಕತ್ತಾನ. ಒಂದೇ ಮನಿಯಾಗ ಅಣ್ಣ ಆ ಕಡೆ, ತಮ್ಮ ಈ ಕಡೆ, ಅವ್ವ ಇಬ್ರಿಗೂ ಬುತ್ತಿ ಕಟ್ಟಿ ಕಳಿಸ್ಯಾಳ. ಇಂಥಾದ್ರಾಗ ನಾ ಎರಡೂ ಕಡೆ ವೀಳ್ಯ ಹಿಡೀದ ಇದ್ರ ಬದುಕೂದು ಹ್ಯಾಂಗ?”

…

“ಖರೇ. ನರಗುಂದದ ಸೀಟಿನಾಗೂ ನಾವ ಬಾರಸ್ತಿದ್ವಿ. ಆವಾಗ ಎರಡು ತಂಡ ಇದ್ದೂ. ಇಲ್ಲಿ ಅಪ್ಪ, ಅಲ್ಲಿ ನಾನು. ಡಿಜೆ ಬಂದು ಮಂದಿ ಕಿವಿ ಕೆಡಿಸಿತಲ್ಲ, ಆಮ್ಯಾಲೆ ಒಂದ ಉಳೀತು. … ನೀವೂ ಒಂದು ಡಿಜೆ ಹಚ್ಚಿಬಿಡ್ರಿ ಇವತ್ತಿನ ಮಟ್ಟಿಗೆ! ನಾ ನಾಳೆ ಬರ್ತೀನಿ, ಹೊತ್ತು ಏರೂದರಾಗ ಬರ್ತೀನಿ, ಇಡೀ ದಿನ ಬಾರಸ್ತೀನಿ.”

…

“ಹಚ್ಚೀರಾ? … ಹಂಗಾರ ಮತ್ತೇನು? … ಏನು? … ಬಾಗಿಲಾ? ಯಾರು ಬಾಗಿಲಾ ಹಾಕ್ಕೊಂಡಾರ?”

ಕಾಶೀಂಸಾಬನ ಮುಖದ ಮೇಲಿದ್ದ ನಗೆ ಸ್ವಲ್ಪ ಸ್ವಲ್ಪವಾಗಿ ಇಳಿಯತೊಡಗಿತು.

“ಸಾವ್ಕಾರ್ರಾ? … ಒಳಗಿಂದ ಚಿಲಕಾ ಹಾಕ್ಯಾರಾ? … ಮತ್ತ ಅಕ್ಕಾರ ಅವ್ವ ಸಿದ್ದವ್ವ ಅಮ್ಮಾರು? … ಅವರೂ ಹೊರಗ? ಆರತಿ ತಟ್ಟಿ ಹಿಡಕೊಂಡು? ತಮ್ಮ ಮನಿ ಕಟ್ಟಿ ಮ್ಯಾಲೆ ತಾವ? … ಅಕ್ಕಾರು ಕೂಗಿದ್ರೂ ತಗೀವಲ್ರಾ? … ‘ನನ್ನ ಸಮಾಧಾನ ಮಾಡಾಕ ಬರಬ್ಯಾಡ್ರಿ’ ಅಂತಾರಾ?”

…

“ಪ್ರಮಾಣಪತ್ರ ಬಾಗಿಲ ಸಂದಿನಾಗ ಸರಿಸಿ ನೋಡ್ರಿ! … ಸರಿಸಿದ್ರಾ? ಏನಂದ್ರು? … ‘ಇಂಥಾವು ಝೆರಾಕ್ಸ್ ಅಂಗಡ್ಯಾಗ ಸಿಗತಾವು’ ಅಂದ್ರಾ? … ಟೀವಿ? … ವೈರು ಕಿತ್ತಾರಾ? … ಅಯ್ಯ ಇವರ!”

ನಗಬೇಕೋ ಅಳಬೇಕೋ ಅವನಿಗೆ ತಿಳಿಯದಾಯಿತು. ಆದರೆ ಮುದುಕ ಯಾಕೆ ನಂಬುತ್ತಿಲ್ಲ ಎಂಬುದು ಮುತ್ತಣ್ಣನಿಗಿಂತ ಚೆನ್ನಾಗಿ ಅವನಿಗೆ ಗೊತ್ತಿತ್ತು.

ಗುರುಸಂಗಪ್ಪ ನರಗುಂದದಲ್ಲಿ ಐದು ಸಲ ನಿಂತು ಐದೂ ಸಲ ಸೋತವನು. ಮೊದಲ ಸಲದ ಕತೆ ಎಲ್ಲಕ್ಕಿಂತ ಕೆಟ್ಟದ್ದು. ಅದು ಮತಪೆಟ್ಟಿಗೆಯ ಕಾಲ. ಸಾವ್ಕಾರರು ಭಾರಿ ಮುಂದಿದ್ದಾರೆ ಎಂದು ಮಧ್ಯಾಹ್ನ ಯಾರೋ ಮೋಟಾರು ಸೈಕಲ್ಲಿನಲ್ಲಿ ಸುದ್ದಿ ತಂದರು. ಊರು ತಡೆಯಲಿಲ್ಲ. ನಬೀಸಾಬನ ಬ್ಯಾಂಡೂ ತಡೆಯಲಿಲ್ಲ. ಗುರುಸಂಗಪ್ಪನನ್ನು ಕುದುರೆ ಹತ್ತಿಸಿ ಮೆರವಣಿಗೆ ಹೊರಡಿಸಿಯೇ ಬಿಟ್ಟರು. ಅರ್ಧ ಊರು ದಾಟುವಷ್ಟರಲ್ಲಿ ಉಳಿದ ಪೆಟ್ಟಿಗೆಗಳ ಸುದ್ದಿ ಬಂತು. ಜನ ಒಬ್ಬೊಬ್ಬರಾಗಿ ಕರಗಿದರು, ಕುದುರೆಯಿಂದ ಇಳಿಯಲು ಕೈ ಕೊಡುವವರೂ ಇರಲಿಲ್ಲ. ಕತ್ತಿನ ಹಾರ ಕೈಯಲ್ಲಿ ಹಿಡಿದು ಆ ಮನುಷ್ಯ ನಡೆದುಕೊಂಡೇ ಮನೆ ಸೇರಿದ. ಅಂದಿನಿಂದ ನಬೀಸಾಬ ಎರಡು ಕಟ್ಟುಪಾಡು ಮಾಡಿದ. ಸರಕಾರದವರು ಘೋಷಣೆ ಮಾಡುವ ತನಕ ತನ್ನ ಕಂಪನಿ ಊದುವುದಿಲ್ಲ. ಇನ್ನೊಂದು, ಗೆದ್ದವನ ಮೆರವಣಿಗೆ ಸೋತವನ ಮನೆಯ ಮುಂದೆ ಬಂದಾಗ ಬ್ಯಾಂಡು ಸುಮ್ಮನಾಗಬೇಕು, ಮನೆ ದಾಟಿದ ಮೇಲೆಯೇ ಮತ್ತೆ ಬಾರಿಸಬೇಕು.

ಆಮೇಲಿನ ನಾಲ್ಕು ಸಲವೂ ಆ ಮನೆಯ ಮುಂದೆ ಕ್ಲಾರಿನೆಟ್ಟನ್ನು ತುಟಿಯಿಂದ ಇಳಿಸಿ ನಡೆದವನು ಕಾಶೀಂಸಾಬನೇ. ಮುಚ್ಚಿದ ಬಾಗಿಲು, ಒಳಗೆ ಒಂದು ಕೆಮ್ಮು. ಬ್ಯಾಂಡಿನ ಸದ್ದು ಓಣಿ ಓಣಿ ದಾಟಿ ಹತ್ತಿರ ಬಂದು, ತನ್ನ ಬಾಗಿಲಿಗೆ ಬಂದಾಗ ನಿಂತುಹೋದರೆ ತಾನು ಸೋತೆನೆಂದು ಗುರುಸಂಗಪ್ಪ ತಿಳಿದುಕೊಳ್ಳುತ್ತಿದ್ದ. ಬೇರೆ ಯಾರ ಬಾಯಿಂದಲೂ ಕೇಳುತ್ತಿರಲಿಲ್ಲ.

“ಏನಂತಾರ? … ‘ನಬೀಸಾಬನ ಬ್ಯಾಂಡು ಬಾಗಲದಾಗ ಬಾರಿಸಿದ್ರ ನಂಬತೀನಿ, ಡಿಜೆಗೆ ಸೋತವ್ರು ಯಾರು ಗೆದ್ದವ್ರು ಯಾರು ಏನು ಗೊತ್ತು’ ಅಂತಾರಾ? … ಹೂಂ. … ಹೂಂ. … ಮುತ್ತಣ್ಣಾ, ಫೋನ್ ಇಡಬ್ಯಾಡ. ಇಡಬ್ಯಾಡ ಅಂದೆ!”

ಅವನು ಫೋನನ್ನು ಎದೆಗೆ ಒತ್ತಿ ಹಿಡಿದು, “ಗಾಡಿ ಚಾಲೂ ಮಾಡು! ನರಗುಂದಕ್ಕ ಹೊಡಿ!” ಎಂದು ಡ್ರೈವರನಿಗೆ ಕೂಗಿದ. ಟೆಂಪೋ ಗುರ್ರೆಂದಿತು. ಅಷ್ಟೇ ಸಾಕಾಯಿತು. ಬ್ಯಾಂಡನ್ನು ಎದುರಿನವರು ಹೊಡೆದುಕೊಂಡು ಹೋಗುತ್ತಿದ್ದಾರೆಂದು ಎಡಗಡೆಯವರು ಟೆಂಪೋದ ಮುಂದೆ ಮಲಗಿದರು. ಅದನ್ನೇ ತಿಳಿದ ಬಲಗಡೆಯವರು ಹಿಂದೆ ಮಲಗಿದರು. ಡ್ರೈವರ ಕೀಲಿ ತಿರುಗಿಸಿ ಗಾಡಿ ಬಂದ್ ಮಾಡಿ ಬೀಡಿ ಹಚ್ಚಿದ.

“ಹಲೋ, ಮುತ್ತಣ್ಣಾ? … ಬರಾಕ ಆಗೂದಿಲ್ಲೋ. ಮುಂದೂ ಮಂದಿ, ಹಿಂದೂ ಮಂದಿ, ಮಲಗ್ಯಾರ. … ಕುಡದು ಅಲ್ಲೋ, ಎಲೆಕ್ಷನ್ನಿಗೆ ಮಲಗ್ಯಾರ! … ಇರು, ಇರು, ವಿಚಾರ ಮಾಡಾಕ ಬಿಡು. … ಅವರ ಮನಿ ಹಳೇ ಮಾಳಗಿ ಮನಿ ಅಲ್ಲೇನು? ಮಾಳಗಿ ಮ್ಯಾಲ ಬೆಳಕಿಂಡಿ ಐತಿಲ್ಲೋ? … ಐತಿ! ಎಷ್ಟು ಅಗಲೈತಿ? … ಮನಷ್ಯಾ ಇಳಿಯೂದು ಬ್ಯಾಡೋ, ಫೋನ್ ಇಳಿದ್ರ ಸಾಕು. ಲಗೂ ಹತ್ತು. ಏಣಿ ತರಸು. … ನಿನಗ ತಲಿ ತಿರಗತೈತಾ? ನೀ ಈಗ ಗೆದ್ದವರ ಏಜೆಂಟ ಅದೀಯೋ, ನಿನಗ ಎಂಥಾ ತಲಿ ತಿರಗೂದು! ಹತ್ತು!”

…

“ಹತ್ತೀದಿ? … ಹಗ್ಗ ಇಲ್ಲಾ? … ಅಕ್ಕಾರಿಗೆ ಹಾಕಿದ ಹಾರ ಎಷ್ಟು ಉದ್ದ ಅದಾವು? … ತರಸು. ಎರಡು ಜೋಡಿಸಿ ಗಂಟು ಹಾಕು. ಹೂವಿಂದಲ್ಲ, ಜರಿ ಹಾರ ಇರಬೇಕಲ್ಲ? ಅದಕ್ಕ ಫೋನ್ ಕಟ್ಟಿ ಇಳಿಬಿಡು. ಸ್ಪೀಕರ್ ಹಚ್ಚು, ಮರೀಬ್ಯಾಡ. … ಹೌದೋ, ನಿನ್ನ ಫೋನ್ ನಿನಗ ತಿರುಗಿ ಸಿಗತೈತಿ. ಸಿಗದಿದ್ರ ಶಾಸಕರಿಗೆ ಅರ್ಜಿ ಕೊಡು, ಈಗ ಶಾಸಕರು ನಿಮ್ಮವರ ಅದಾರಲ್ಲ!”

ಜಹೀರ, ತುತ್ತೂರಿಯವನು, ತಾಳದವನು, ಎಲ್ಲರೂ ಕಾಶೀಂಸಾಬನ ಸುತ್ತ ಮುಖ ಚಾಚಿ ಕೂತರು. ಒಬ್ಬನ ಕೋಟಿನ ಗುಂಡಿ ಇನ್ನೊಬ್ಬನ ಕಿವಿಗೆ ಒತ್ತುತ್ತಿತ್ತು. ಕಾಶೀಂಸಾಬ ಟೊಪ್ಪಿಗೆ ಸರಿಮಾಡಿಕೊಂಡ. ಕಾಣದಿದ್ದರೂ ಸಾವ್ಕಾರರ ಮುಂದೆ ನಿಂತಂತೆ.

“ಸಾವ್ಕಾರ್ರ… ಸಲಾಂ ಸಾವ್ಕಾರ್ರ. ನಾನ್ರೀ, ಕಾಶೀಂಸಾಬ. … ಮ್ಯಾಲಿಂದ ಬಂತೇನ್ರಿ ಫೋನು? ಹೆದರಬ್ಯಾಡ್ರಿ, ಮುತ್ತಣ್ಣ ಇಳಿಬಿಟ್ಟಾನ. … ಇಲ್ರೀ, ಸಮಾಧಾನ ಮಾಡಾಕ ಅಲ್ಲ. ನಾ ಯಾವಾಗರ ನಿಮ್ಮ ಮುಂದ ಬಾಯಿ ತಗದು ಮಾತಾಡೀನೇನು? ನಾಲ್ಕು ಸಲ ತಲಿ ತಗ್ಗಿಸಿ ಹೋದಾಂವ ನಾನು.”

…

“ಹೌದ್ರಿ. ಖರೇ ಅಂದ್ರ ಖರೇ. ಗೆದ್ದಾರ. … ಕಸಮ್ ರೀ, ನಮ್ಮಪ್ಪನ ಕಬರಿನ ಕಸಮ್. … ಬರ್ತಿದ್ದೆ ರೀ, ಬರಾಕ ಬಿಡವಲ್ರು. ಇಲ್ಲಿ ರೋಣದ ಮಂದಿ ಗಾಡಿಗೆ ಅಡ್ಡ ಮಲಗ್ಯಾರ. … ನಗಬ್ಯಾಡ್ರಿ, ನಿಮ್ಮ ಮಂದಿನೂ ಆವಾಗ ಮಲಗತಿದ್ರು!”

…

“ಏನಂದ್ರಿ? … ಮಾತು ಬ್ಯಾಡಾ? … ಹೂಂ. … ಊದಲಾ? ಇಲ್ಲೇ? ಈಗ?”

ಕಾಶೀಂಸಾಬ ತಲೆಯೆತ್ತಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಎರಡೂ ಕಡೆ ಗುಲಾಲಿನ ಚೀಲಗಳು ಬಾಯಿ ತೆರೆದು ಕೂತಿದ್ದವು. ಈ ನಡುರಸ್ತೆಯಲ್ಲಿ ನಬೀಸಾಬನ ಬ್ಯಾಂಡು ಒಮ್ಮೆ ಕೂಗಿತೆಂದರೆ ರೋಣದ ಫಲಿತಾಂಶ ಬಂತೆಂದೇ ಜನ ತಿಳಿಯುತ್ತಾರೆ. ಆಮೇಲೆ ಸೋತವರು ಕೇಳುವುದು ಅವನನ್ನೇ, ಗೆದ್ದವರು ಕೇಳುವುದೂ ಅವನನ್ನೇ. ಅಪ್ಪನ ಕಾಲದಿಂದ ಬಂದ ಎರಡು ವೀಳ್ಯ ಒಂದೇ ಏಟಿಗೆ ಹೋಗುತ್ತವೆ. ರೋಣದಲ್ಲಿ ಮೆರವಣಿಗೆ ಕೈತಪ್ಪಿತೆಂದರೆ ಮದುವೆಗಳೂ ಕೈತಪ್ಪುತ್ತವೆ, ಕಂಪನಿಯ ಕೋಟು ಸಂತೆಯಲ್ಲಿ ಮಾರಬೇಕಾಗುತ್ತದೆ. ಇತ್ತ ಫೋನಿನೊಳಗೆ ಮುದುಕನ ಉಸಿರು ಕೇಳುತ್ತಿತ್ತು.

ಎಡಗಡೆಯ ಮುಖಂಡ ರಾಯಣ್ಣ ಆಗಲೇ ವಾಸನೆ ಹಿಡಿದು ಟೆಂಪೋದ ಗಾಲಿಯ ಮೇಲೆ ಕಾಲಿಟ್ಟಿದ್ದ. “ಕಾಶೀಂಸಾಬ, ಪೀಪಿ ಬಾಯಿಗೆ ಹೋತು ಅಂದ್ರ ನಮ್ಮ ವೀಳ್ಯ ಇಲ್ಲೇ ಇಳಿಸಿ ಹೋಗು ಮತ್ತ!”

“ಒಂದು ನಿಮಿಷ ಸಾವ್ಕಾರ್ರ, ಹಂಗ ಇರ್ರಿ. … ರಾಯಣ್ಣಾರ, ನರಗುಂದದ ಘೋಷಣೆ ಆಗೇತ್ರಿ. ಘೋಷಣೆ ಆದವರಿಗೆ ಊದಾಕತ್ತೀನಿ, ಕಟ್ಟು ಮುರೀಲಿಲ್ಲ ನಾನು. ಕ್ಷೇತ್ರ ಅಷ್ಟ ಬ್ಯಾರೆ! … ಹೋಗ್ಲಿ ಬಿಡ್ರಿ, ನಿಮ್ಮ ತೆಂಗಿನಕಾಯಿ ಆ ಚೀಲದಾಗೈತಿ, ತಗೊಳ್ರಿ. … ಹಾಂ ಸಾವ್ಕಾರ್ರ, ನಿಮಗಲ್ಲ, ನಿಮಗಲ್ಲ. ಇಲ್ಲೊಬ್ರಿಗೆ ತೆಂಗಿನಕಾಯಿ ಕೊಡಾಕತ್ತಿದ್ದೆ.”

…

“ಊದತೀನ್ರಿ. … ಹಾಂ? … ಗೊತ್ತೈತ್ರಿ. ಶುರು ಆಗೂದು ಮುಖ್ಯ ಅಲ್ಲ ಅಂತೀರಿ, ಹೌದಿಲ್ಲೋ? ಶುರು ಎಲ್ಲಾ ಸಲಾನೂ ಆಗತಿತ್ತು. … ಹೌದ್ರಿ. ನಿಮ್ಮ ಬಾಗಲದಾಗ ಬಂದು ನಿಂದರತಿತ್ತು. … ಸಾವ್ಕಾರ್ರ, ಫೋನ್ ಎಲ್ಲೈತಿ ಈಗ? … ಬಾಗಿಲ ಒಳಗ, ನಡುಮನ್ಯಾಗ. ಅಂದ್ರ ನಾನೂ ನಿಮ್ಮ ಬಾಗಲದಾಗ ಅದೀನಿ. ಕೇಳ್ರಿ. ಕೇಳಕೋತ ಕೂಡ್ರಿ.”

ಅವನು ಫೋನನ್ನು ಜಹೀರನ ಕೈಗೆ ಕೊಟ್ಟು ಕ್ಲಾರಿನೆಟ್ ಎತ್ತಿದ. ಡೋಲು ಬಾರಿಸಲು ತಾಳದವನು ಹೋದ, ತಾಳ ಡ್ರೈವರನ ಕೈಗೆ ಬಂತು. ಡ್ರೈವರ ಬೀಡಿ ಕಚ್ಚಿಕೊಂಡೇ ತಾಳ ಕುಟ್ಟಿದ.

ಮೊದಲ ಸ್ವರ ಹೊರಬಿದ್ದದ್ದೇ ತಡ, ರೋಣಕ್ಕೆ ಹುಚ್ಚು ಹಿಡಿಯಿತು. ಎಡಗಡೆಯವರು ತಾವೇ ಗೆದ್ದೆವೆಂದು ಗುಲಾಲು ಎರಚಿದರು. ಬಲಗಡೆಯವರು ತಾವು ಗೆದ್ದೆವೆಂದು ಎರಚಿದರು. ಟೆಂಪೋದ ಮುಂದೆ ಮಲಗಿದವರು ಎದ್ದು ಕುಣಿದರು, ಹಿಂದೆ ಮಲಗಿದವರು ಎದ್ದು ಅವರ ಹೆಗಲು ಹತ್ತಿದರು. ಯಾವ ಗುಲಾಲು ಯಾರದೆಂದು ತಿಳಿಯದಷ್ಟು ಗಾಳಿ ಕೆಂಪಾಯಿತು. ಬುತ್ತಿ ಕಟ್ಟಿ ಕಳಿಸಿದ್ದಳಲ್ಲ ಆ ತಾಯಿಯ ಇಬ್ಬರು ಮಕ್ಕಳು, ಇಬ್ಬರೂ ಗೆದ್ದ ಸಂತೋಷದಲ್ಲಿ ಒಬ್ಬರನ್ನೊಬ್ಬರು ಎತ್ತಿ ತಿರುಗಿಸುತ್ತಿದ್ದರು. ರಾಯಣ್ಣ ತೆಂಗಿನಕಾಯಿ ಹಿಡಿದುಕೊಂಡು, “ಇನ್ನೂ ಎಣಸಾಕತ್ತಾರಲೇ! ಇನ್ನೂ ಎಣಸಾಕತ್ತಾರ!” ಎಂದು ಕೂಗುತ್ತಿದ್ದ. ಅವನ ಮಂದಿ ಅವನನ್ನೇ ಹೊತ್ತುಕೊಂಡು ಹೊರಟರು.

ಜಹೀರ ಒಂದು ಕಿವಿ ಮುಚ್ಚಿಕೊಂಡು ಇನ್ನೊಂದಕ್ಕೆ ಫೋನು ಒತ್ತಿ ಹಿಡಿದಿದ್ದ.

“ಹಲೋ, ಸಾವ್ಕಾರ್ರ? ಕೇಳಸ್ತೈತೇನ್ರಿ? … ನಾ ಜಹೀರ, ಅವರ ಅಳಿಯ. … ಹಾಂ? … ಮಾವಾ! ಯಾವಾಗ ನಿಂದ್ರಸ್ತಾನ ಅಂತ ಕೇಳಾಕತ್ತಾರ!”

ಕಾಶೀಂಸಾಬ ಕಣ್ಣಿನಲ್ಲೇ ಇಲ್ಲವೆಂದ. ಅವನ ಕೆನ್ನೆ ಉಬ್ಬಿ, ಕತ್ತಿನ ನರ ಎದ್ದು, ಟೊಪ್ಪಿಗೆ ಹಿಂದಕ್ಕೆ ಬಿದ್ದಿತ್ತು.

“ನಿಂದ್ರಸೂದಿಲ್ಲಂತ್ರಿ. … ಇಲ್ರೀ. … ಮಾವಾ, ಇನ್ನೂ ನಿಂತಿಲ್ಲಲ್ಲ, ಇನ್ನೂ ನಿಂತಿಲ್ಲಲ್ಲ ಅಂತಾರ! … ಹೌದ್ರಿ ಸಾವ್ಕಾರ್ರ, ನಿಂತಿಲ್ಲ. … ಅಳಬ್ಯಾಡ್ರಿ. … ಏನು? ಒಬ್ರ ಕುಂತು ಕೇಳಾಕ ಆಗವಲ್ದಾ? … ಮಾವಾ, ಎದ್ರು! ಎದ್ದಾರ! … ಚಿಲಕದ ಸಪ್ಪಳ ಬಂತು! … ಯಪ್ಪಾ, ಎಷ್ಟು ಮಂದಿ ಕೂಗಾಕತ್ತಾರ! … ಅಕ್ಕಾರ ದನಿ! ಮಾವಾ, ‘ಅಪ್ಪಾ’ ಅಂದ್ರು! … ಹಲೋ? … ಹಲೋ, ಸಾವ್ಕಾರ್ರ? … ಹಲೋ?”

ಲೈನು ಕಡಿದಿತ್ತು. ಜಹೀರ ಆರಿದ ಫೋನನ್ನು ಎತ್ತಿ ಮಾವನಿಗೆ ತೋರಿಸಿ, ಇನ್ನು ಸಾಕು ಎಂಬಂತೆ ಕೈ ಬೀಸಿದ. ಕಾಶೀಂಸಾಬ ನೋಡಿದ, ಉಸಿರು ತೆಗೆದುಕೊಂಡ, ಮತ್ತೆ ಮೊದಲಿನಿಂದ ಊದಿದ.